ಮೊದಲು ಮಾತಾಡುವವನ ಕುರ್ಚಿ

ಲಾಸ್ ವೇಗಸ್ ಎಂದೊಡನೆ ಕಣ್ಣ ಮುಂದೆ ಬರುವುದು ‘ಸ್ಟ್ರಿಪ್’ ಎಂಬ ರಸ್ತೆಯ ಎರಡೂ ಮಗ್ಗುಲಲ್ಲಿ ಜಗಮಗಿಸುವ ಹೋಟೆಲುಗಳ ಸಾಲು. ವಿಚಿತ್ರವೆಂದರೆ ಆ ಸಾಲಿನ ಬಹುಭಾಗ ಲಾಸ್ ವೇಗಸ್ ನಗರದ ಎಲ್ಲೆಯೊಳಗೇ ಇಲ್ಲ. ಊರಿನ ಹಳೆಯ ಮುಖ ಕಾಣಬೇಕಾದರೆ ಉತ್ತರಕ್ಕೆ ಕೆಲವು ಮೈಲಿ ಸಾಗಿ ಫ್ರೀಮಾಂಟ್ ಬೀದಿಗೆ ಬರಬೇಕು. 1905ರಲ್ಲಿ ರೈಲ್ವೆಯವರು ನಿವೇಶನಗಳನ್ನು ಹರಾಜು ಹಾಕಿದಾಗ ಊರು ಹುಟ್ಟಿದ್ದು ಈ ಭಾಗದಲ್ಲಿ. ಸ್ಪ್ಯಾನಿಷ್ ಭಾಷೆಯಲ್ಲಿ ‘ಲಾಸ್ ವೇಗಸ್’ ಎಂದರೆ ಹುಲ್ಲುಗಾವಲುಗಳು. ಈಗ ಸುತ್ತ ಕಾಣುವುದು ಬೋಳು ಗುಡ್ಡ, ಮರಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಧಗೆ. ಹುಲ್ಲು ಬೇಕೆಂದರೆ ಗಾಲ್ಫ್ ಮೈದಾನಕ್ಕೆ ಹೋಗಬೇಕು.

ಈ ಬೆಂಗಾಡು ಮಹಾನಗರವಾಗಲು ಎರಡು ಕಾರಣಗಳು ಒಂದೇ ವರ್ಷ ಕೂಡಿ ಬಂದವು. 1931ರಲ್ಲಿ ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಅದೇ ವರ್ಷ ಸಮೀಪದ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟಿನ ಕೆಲಸ ಆರಂಭವಾಯಿತು. ಕೂಲಿಯ ಹಣ ಜೇಬಿನಲ್ಲಿಟ್ಟುಕೊಂಡ ಸಾವಿರಾರು ಕಾರ್ಮಿಕರು ಒಂದು ಕಡೆ, ಆ ಜೇಬಿಗೆ ಬಾಯಿ ತೆರೆದ ಅಂಗಡಿಗಳು ಇನ್ನೊಂದು ಕಡೆ. ಮುಂದಿನದನ್ನು ಊಹಿಸಬಹುದು.

ಫ್ರೀಮಾಂಟ್ ಬೀದಿಯಲ್ಲಿ ‘ಬಿನಿಯನ್ಸ್’ ಎಂಬ ಹಳೆಯ ಜೂಜುಗೃಹವಿದೆ. ಟೆಕ್ಸಾಸ್‌ನಿಂದ ಬಂದ ಬೆನ್ನಿ ಬಿನಿಯನ್ 1951ರಲ್ಲಿ ‘ಹಾರ್ಸ್‌ಶೂ’, ಅಂದರೆ ಕುದುರೆ ಲಾಳ, ಎಂಬ ಹೆಸರಿನಲ್ಲಿ ತೆರೆದದ್ದು. ಮನುಷ್ಯ ಸಾಧುವೇನಲ್ಲ, ತೆರಿಗೆ ವಂಚನೆಗಾಗಿ ಜೈಲು ಕಂಡವನು. ಆದರೆ ಜನರನ್ನು ಸೆಳೆಯುವ ಕಲೆ ಅವನಿಗೆ ಕರಗತವಾಗಿತ್ತು. ಹತ್ತು ಸಾವಿರ ಡಾಲರಿನ ನೂರು ನೋಟುಗಳನ್ನು ಗಾಜಿನ ಹಿಂದೆ ಜೋಡಿಸಿ ಹತ್ತು ಲಕ್ಷ ಡಾಲರನ್ನು ಕಣ್ಣಾರೆ ತೋರಿಸುತ್ತಿದ್ದ. ಪ್ರವಾಸಿಗಳು ಅದರ ಮುಂದೆ ನಿಂತು ಪುಕ್ಕಟೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋ ಕೈಗೆ ಬರುವವರೆಗೆ ಒಳಗೆ ಕಾಯುತ್ತಿದ್ದರು. ಕಾಯುವಾಗ ಕೈ ಸುಮ್ಮನಿರುತ್ತದೆಯೆ? ಆ ನೋಟುಗಳ ಲಾಳ ಈಗಿಲ್ಲ. ಅದರ ಯುಕ್ತಿ ಮಾತ್ರ ಊರ ತುಂಬ ಹರಡಿಕೊಂಡಿದೆ.

1970ರಲ್ಲಿ ಬಿನಿಯನ್ ಕೆಲವು ಪಳಗಿದ ಪೋಕರ್ ಆಟಗಾರರನ್ನು ಇಲ್ಲಿ ಒಂದೆಡೆ ಸೇರಿಸಿದ. ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಎಂಬ ದೊಡ್ಡ ಹೆಸರಿನ ಆ ಕೂಟದಲ್ಲಿ ಮೊದಲ ವರ್ಷದ ವಿಜೇತನನ್ನು ಆಟದಿಂದ ಆರಿಸಲಿಲ್ಲ, ಆಟಗಾರರೇ ಮತ ಹಾಕಿ ಜಾನಿ ಮಾಸ್ ಎಂಬ ಹಿರಿಯನನ್ನು ಆರಿಸಿದರು. ಮೊದಲ ಸಲ ಎಲ್ಲರೂ ತಂತಮ್ಮ ಹೆಸರಿಗೇ ಮತ ಹಾಕಿಕೊಂಡರೆಂಬ ದಂತಕಥೆಯೂ ಉಂಟು. ಮರುವರ್ಷದಿಂದ, ಒಬ್ಬನ ಕೈಗೆ ಎಲ್ಲ ಚಿಪ್‌ಗಳೂ ಸೇರುವವರೆಗೆ ಆಡುವ ಪದ್ಧತಿ ಬಂತು.

ಟಿ.ವಿ. ಕ್ಯಾಮೆರಾಗಳು 1970ರ ದಶಕದಲ್ಲೇ ಈ ಕೋಣೆಗೆ ಬಂದಿದ್ದವು. ಆದರೆ ಕಾರ್ಯಕ್ರಮ ರುಚಿಸಲಿಲ್ಲ. ರುಚಿಸುವುದಾದರೂ ಹೇಗೆ? ಮೇಜಿನ ಸುತ್ತ ಕುಳಿತವರು ಎಲೆಯ ಮೂಲೆ ಎತ್ತಿ ಇಣುಕುತ್ತಾರೆ, ಹಣ ಒಡ್ಡುತ್ತಾರೆ, ಇಲ್ಲವೆ ಎಲೆಗಳನ್ನು ಮುಂದಕ್ಕೆ ತಳ್ಳಿ ಸುಮ್ಮನಾಗುತ್ತಾರೆ. ಯಾರ ಕೈಯಲ್ಲಿ ಏನಿತ್ತೆಂದು ಮನೆಯಲ್ಲಿ ಕುಳಿತವನಿಗೆ ತಿಳಿಯುವುದೇ ಇಲ್ಲ. ಪರದೆ ಎಳೆದು ನಾಟಕ ತೋರಿಸಿದ ಹಾಗೆ.

ಆ ಪರದೆ ಸರಿಸಿದವನ ಕಥೆ ಇಡೀ ಊರಿನ ಕಥೆಗಿಂತ ದೊಡ್ಡದು. ಹೆನ್ರಿ ಒರೆನ್‌ಸ್ಟೈನ್ ಪೋಲೆಂಡಿನ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಸೆರೆಶಿಬಿರಗಳಿಂದ ಶಿಬಿರಗಳಿಗೆ ಸಾಗಿಸಲ್ಪಟ್ಟವನು. ಒಂದು ಶಿಬಿರದಲ್ಲಿ ವಿಜ್ಞಾನಿಗಳೂ ಗಣಿತಜ್ಞರೂ ಹೆಸರು ಕೊಡಬೇಕೆಂಬ ಪ್ರಕಟಣೆ ಬಂತು. ಒರೆನ್‌ಸ್ಟೈನ್ ವಿಜ್ಞಾನಿಯಲ್ಲ, ಆದರೂ ತನ್ನ ಮತ್ತು ಒಡಹುಟ್ಟಿದವರ ಹೆಸರು ಬರೆಸಿಬಿಟ್ಟ. ಆ ಸುಳ್ಳೇ ಅವನ ಜೀವ ಉಳಿಸಿತು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದು ಆಟಿಕೆಗಳನ್ನು ಕಂಡುಹಿಡಿಯುವ ಉದ್ಯೋಗದಲ್ಲಿ ಹೆಸರು ಮಾಡಿದ. ಮಕ್ಕಳಿಗೆ ಪ್ರಿಯವಾದ ‘ಟ್ರಾನ್ಸ್‌ಫಾರ್ಮರ್ಸ್’ ಗೊಂಬೆಗಳು ಮಾರುಕಟ್ಟೆಗೆ ಬರುವುದರಲ್ಲಿ ಅವನ ಪಾತ್ರ ದೊಡ್ಡದು. ಟಿ.ವಿ.ಯ ಪೋಕರ್ ನೋಡಿ ಬೇಸತ್ತ ಈತ, ಮೇಜಿನ ಅಂಚಿನಲ್ಲಿ ಕ್ಯಾಮೆರಾ ಅಡಗಿಸಿ ಪ್ರತಿ ಆಟಗಾರನ ಎಲೆಗಳನ್ನೂ ವೀಕ್ಷಕನಿಗೆ ತೋರಿಸುವ ಉಪಾಯ ಹೂಡಿ 1995ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1999ರಲ್ಲಿ ಬ್ರಿಟನ್ನಿನ ಚಾನೆಲ್ 4, ಮೇಜಿನಲ್ಲಿ ಗಾಜು ಕೂರಿಸಿ ಕೆಳಗಿನಿಂದ ಎಲೆ ತೋರಿಸುವ ಕಾರ್ಯಕ್ರಮ ಆರಂಭಿಸಿತು. 2003ರಲ್ಲಿ ಅಮೆರಿಕದ ಟ್ರಾವೆಲ್ ಚಾನೆಲ್ ‘ವರ್ಲ್ಡ್ ಪೋಕರ್ ಟೂರ್’ ಪ್ರಸಾರ ಮಾಡತೊಡಗಿತು. ಪ್ರವಾಸದ ವಾಹಿನಿ ಇಸ್ಪೀಟಿನಿಂದ ಪ್ರಸಿದ್ಧವಾದದ್ದು ಹೀಗೆ.

ಅಲ್ಲಿಂದ ಮುಂದೆ ಪೋಕರ್ ನೋಡುವವರ ಸ್ಥಿತಿ ದೇವರ ಸ್ಥಿತಿಯಾಯಿತು. ಎಲ್ಲರ ಎಲೆಯೂ ಕಾಣುತ್ತದೆ. ಯಾರು ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟೆಂಬ ಲೆಕ್ಕ ಪರದೆಯ ಮೂಲೆಯಲ್ಲಿ ಮೂಡುತ್ತದೆ. ಒಳ್ಳೆಯ ಎಲೆ ಬಿಟ್ಟುಕೊಟ್ಟವನನ್ನು ‘ಹೇಡಿ’ ಎನ್ನುವುದೂ, ಸುಳ್ಳುಪಣಕ್ಕೆ ಸಿಕ್ಕಿಬಿದ್ದವನನ್ನು ‘ದಡ್ಡ’ ಎನ್ನುವುದೂ ಸುಲಭವಾಯಿತು. ಆದರೆ ಆ ಪ್ರಸಾರ ಎಲೆಯನ್ನು ತೋರಿಸಿತೇ ಹೊರತು ಕುರ್ಚಿಯನ್ನು ತೋರಿಸಲಿಲ್ಲ. ಪೋಕರ್ ಬಲ್ಲವರು ಎಲೆಯಷ್ಟೇ ಗೌರವವನ್ನು ಕುರ್ಚಿಗೂ ಕೊಡುತ್ತಾರೆ.

ಅದು ಹೇಗೆಂದು ತಿಳಿಯಲು ಆಟದ ಕ್ರಮವನ್ನು ಸ್ವಲ್ಪ ನೋಡಬೇಕು. ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಈ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆ, ಮುಚ್ಚಿ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ತೆರೆದಿಡುತ್ತಾರೆ. ಅವು ಎಲ್ಲರಿಗೂ ಸೇರಿದ್ದು. ಏಳರಲ್ಲಿ ಉತ್ತಮವಾದ ಐದನ್ನು ಕೂಡಿಸಿಕೊಳ್ಳಬೇಕು. ಎಲೆ ಬೀಳುವ ಮೊದಲೊಂದು, ಪ್ರತಿ ಹಂತದ ನಂತರ ಒಂದೊಂದು, ಒಟ್ಟು ನಾಲ್ಕು ಸುತ್ತು ಪಣ. ಮೇಜಿನ ಮೇಲೆ ‘ಡೀಲರ್’ ಎಂದು ಬರೆದ ದುಂಡನೆಯ ಬಿಲ್ಲೆಯೊಂದಿರುತ್ತದೆ, ಅದಕ್ಕೆ ‘ಬಟನ್’ ಎಂದು ಹೆಸರು. ಪ್ರತಿ ಆಟ ಮುಗಿದಂತೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಕುರ್ಚಿ ಮುಂದೆ ಸರಿಯುತ್ತದೆ. ನಡುವಿನ ಎಲೆಗಳು ಬಿದ್ದ ಮೇಲೆ ಬಟನ್ನಿನ ಎಡಗಡೆಯವನು ಮೊದಲು ಮಾತಾಡಬೇಕು. ಬಟನ್ ಇದ್ದವನ ಮಾತು ಎಲ್ಲರಿಗಿಂತ ಕೊನೆಗೆ. ಮೊದಲು ಮಾತಾಡಬೇಕಾದವನನ್ನು ಪೋಕರ್ ಪರಿಭಾಷೆಯಲ್ಲಿ ‘ಔಟ್ ಆಫ್ ಪೊಸಿಷನ್’ ಎನ್ನುತ್ತಾರೆ.

ಮೊದಲು ಮಾತಾಡುವುದರಲ್ಲಿ ನಷ್ಟವೇನು? ದನದ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಬೆಲೆ ಹೇಳಿದವನು ತನ್ನ ಮನಸ್ಸಿನ ಅಂದಾಜನ್ನು ಎದುರಿನವನ ಕೈಗೆ ಕೊಟ್ಟಂತೆ. ಪೋಕರಿನಲ್ಲಿ ಇದರ ಹಿಂದೆ ಒಂದು ಸರಳ ಗಣಿತವೂ ಇದೆ. ಕೈಯಲ್ಲಿ ಜೋಡಿಯಿಲ್ಲದ ಎರಡು ಎಲೆ ಹಿಡಿದವನಿಗೆ ನಡುವಿನ ಮೊದಲ ಮೂರು ಎಲೆಗಳಲ್ಲಿ ಒಂದಾದರೂ ಕೂಡಿಬರುವುದು ಸುಮಾರು ಮೂರು ಸಲಕ್ಕೊಮ್ಮೆ ಮಾತ್ರ. ಅಂದರೆ ಮೂರರಲ್ಲಿ ಎರಡು ಸಲ ಅವನ ಕೈ ಖಾಲಿ. ಎದುರಿನವನದೂ ಹೆಚ್ಚು ಕಡಿಮೆ ಅದೇ ಪಾಡು. ಇಬ್ಬರೂ ಬರಿಗೈಯವರಾದಾಗ ಹಣ ಯಾರಿಗೆ? ಮೊದಲಿನವನು ಸುಮ್ಮನಾದುದನ್ನು ನೋಡಿ ಪಣ ಒಡ್ಡುವ ಅವಕಾಶವಿರುವ ಎರಡನೆಯವನಿಗೆ. ಒಂದು ಆಟದಲ್ಲಿ ಇದು ಸಣ್ಣ ಲಾಭ. ಗಂಟೆಗೆ ಇಪ್ಪತ್ತೈದು ಮೂವತ್ತು ಆಟ, ದಿನಕ್ಕೆ ಹತ್ತು ಗಂಟೆ ಆಡುವವರಲ್ಲಿ ಅದು ಹನಿಗೂಡಿ ಹಳ್ಳವಾಗುತ್ತದೆ.

ಬಟನ್ ಸುತ್ತುತ್ತಲೇ ಇರುವುದರಿಂದ ಕೆಟ್ಟ ಕುರ್ಚಿ ಯಾರಿಗೂ ತಪ್ಪದು. ಅಲ್ಲಿ ಕುಳಿತಾಗ ಏನು ಮಾಡಬೇಕೆಂಬುದರ ಮೇಲೆ ದಪ್ಪ ದಪ್ಪ ಪುಸ್ತಕಗಳೇ ಇವೆ. 1976 ಮತ್ತು 1977ರಲ್ಲಿ ಇದೇ ಹಾರ್ಸ್‌ಶೂದಲ್ಲಿ ಗೆದ್ದ ಡಾಯ್ಲ್ ಬ್ರನ್ಸನ್ ತನ್ನ ವಿದ್ಯೆಯನ್ನು ಆ ದಶಕದ ಕೊನೆಯಲ್ಲಿ ‘ಸೂಪರ್ ಸಿಸ್ಟಮ್’ ಎಂಬ ಪುಸ್ತಕವಾಗಿ ಅಚ್ಚು ಹಾಕಿಸಿದಾಗ, ಗುಟ್ಟು ಬಯಲು ಮಾಡಿದನೆಂದು ಜೊತೆಗಾರರು ಮುನಿಸಿಕೊಂಡದ್ದುಂಟು.

ಮೊದಲ ಪಾಠ, ಹೆಚ್ಚಿನ ಎಲೆಗಳನ್ನು ಆಡದೇ ಬಿಡುವುದು. ಕೊನೆಗೆ ಮಾತಾಡುವವನು ಹತ್ತರಲ್ಲಿ ನಾಲ್ಕು ಕೈ ಆಡಿದರೆ, ಮೊದಲು ಮಾತಾಡುವವನು ಒಂದೋ ಒಂದೂವರೆಯೋ ಆಡಿದರೆ ಸಾಕು. ಎಕ್ಕ-ಗುಲಾಮ, ರಾಜ-ರಾಣಿಗಳಂಥ ಚೆಂದದ ಎಲೆಗಳೇ ಇಲ್ಲಿ ಅಪಾಯಕಾರಿ. ಎಕ್ಕ-ಗುಲಾಮ ಹಿಡಿದವನಿಗೆ ನಡುವೆ ಎಕ್ಕ ಬಿದ್ದರೆ ಹಿಗ್ಗು. ಆದರೆ ಹಿಂದೆ ಕುಳಿತವನಲ್ಲಿ ಎಕ್ಕ-ರಾಜ ಇದ್ದರೆ ಆ ಹಿಗ್ಗೇ ಅವನ ಜೇಬು ಬರಿದು ಮಾಡುತ್ತದೆ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆ ಈ ಕುರ್ಚಿಗಾಗಿಯೇ ಹುಟ್ಟಿದಂತಿದೆ.

ಇನ್ನೊಂದು, ಹಣದ ರಾಶಿ ಬೆಳೆಯದಂತೆ ನೋಡಿಕೊಳ್ಳುವುದು. ನಡುಮಟ್ಟದ ಎಲೆಯಿದ್ದರೆ ‘ಚೆಕ್’, ಅಂದರೆ ಪಣವಿಲ್ಲದೆ ಮಾತು ಮುಂದೆ ದಾಟಿಸುವುದು. ಹಾಗೆಂದು ಸದಾ ಚೆಕ್ ಎಂದು ಎಲೆ ಬಿಟ್ಟುಕೊಡುತ್ತ ಹೋದರೆ ಹಿಂದಿನವನು ತಲೆಯ ಮೇಲೆ ಮೆಣಸು ಅರೆಯುತ್ತಾನೆ. ಅದಕ್ಕೇ ಆಗೊಮ್ಮೆ ಈಗೊಮ್ಮೆ ಬಲವಾದ ಎಲೆಯಿದ್ದೂ ಚೆಕ್ ಎಂದು, ಅವನು ಹಣ ಒಡ್ಡಿದೊಡನೆ ಅದನ್ನು ಮೂರುಪಟ್ಟು ಏರಿಸುವುದು. ಕೆಟ್ಟ ಕುರ್ಚಿಯವನ ಕೈಯಲ್ಲಿರುವ ಒಳ್ಳೆಯ ಆಯುಧ ಇದು. ಒಮ್ಮೆ ಇದರ ಏಟು ತಿಂದವನು ಮುಂದೆ ಪ್ರತಿ ಚೆಕ್ಕನ್ನೂ ಅನುಮಾನದಿಂದ ನೋಡುತ್ತಾನೆ.

ಬಟನ್ನಿನ ಎಡಗಡೆಯ ಇಬ್ಬರದು ಇನ್ನೂ ಕಷ್ಟ. ಎಲೆ ನೋಡುವ ಮೊದಲೇ ಅವರು ಕಡ್ಡಾಯವಾಗಿ ಹಣ ಇಡಬೇಕು; ಅದಕ್ಕೆ ‘ಬ್ಲೈಂಡ್’ ಎನ್ನುತ್ತಾರೆ. ಎಂಥ ನಿಪುಣನೂ ದೀರ್ಘಕಾಲದಲ್ಲಿ ಈ ಎರಡು ಕುರ್ಚಿಗಳಲ್ಲಿ ಹಣ ಕಳೆದುಕೊಳ್ಳುತ್ತಾನೆ. ಸಾಮಾನ್ಯನಿಗಿಂತ ಕಡಿಮೆ ಕಳೆದುಕೊಳ್ಳುತ್ತಾನೆ, ಅಷ್ಟೇ ವ್ಯತ್ಯಾಸ. ಟಿ.ವಿ.ಯಲ್ಲಿ ಇದನ್ನು ತೋರಿಸುವುದು ಹೇಗೆ? ಕಡಿಮೆ ಸೋಲಿಗೆ ಚಪ್ಪಾಳೆ ತಟ್ಟುವವರು ಯಾರು?

2003ರ ಅಂತಿಮ ಹಣಾಹಣಿಯನ್ನೇ ನೋಡಬಹುದು. ಟೆನ್ನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ (ಹುಟ್ಟಿನಿಂದ ಬಂದ ಹೆಸರೇ ಅದು!) ನೂರು ಡಾಲರಿಗೂ ಕಡಿಮೆ ಹಣ ಕಟ್ಟಿ ಅಂತರ್ಜಾಲದ ಅರ್ಹತಾ ಪಂದ್ಯದ ಮೂಲಕ ಹಾರ್ಸ್‌ಶೂಗೆ ಬಂದವನು. ಎದುರಿಗೆ ಸ್ಯಾಮ್ ಫರ್ಹಾ ಎಂಬ ನುರಿತ ವೃತ್ತಿಪರ. ಒಂದು ಆಟದಲ್ಲಿ ಮನಿಮೇಕರ್ ಕೈಯಲ್ಲಿ ರಾಜ-ಏಳು, ಫರ್ಹಾ ಕೈಯಲ್ಲಿ ರಾಣಿ-ಒಂಬತ್ತು. ನಡುವೆ ಬಿದ್ದದ್ದು ಒಂಬತ್ತು, ಎರಡು, ಆರು. ಆಮೇಲೆ ಎಂಟು, ಕೊನೆಗೆ ಮೂರು. ಫರ್ಹಾನದು ಒಂಬತ್ತರ ಜೋಡಿ. ಇಸ್ಪೀಟು ಬಣ್ಣವನ್ನೋ ಸಾಲು ಎಲೆಗಳನ್ನೋ ಕಾಯುತ್ತಿದ್ದ ಮನಿಮೇಕರನಿಗೆ ಎರಡೂ ಕೂಡಲಿಲ್ಲ. ಕೈಯಲ್ಲಿ ಏನೂ ಇಲ್ಲ. ಮೊದಲು ಮಾತಾಡಬೇಕಾಗಿದ್ದವನು ಫರ್ಹಾ. ಕೊನೆಯ ಎಲೆ ಬಿದ್ದಾಗ ಅವನು ಚೆಕ್ ಎಂದ. ಆ ಒಂದು ಮಾತಿನಿಂದಲೇ ಇವನ ಕೈ ಅಷ್ಟು ಗಟ್ಟಿಯಿಲ್ಲವೆಂಬ ಸುಳಿವು ಎದುರಾಳಿಗೆ ಸಿಕ್ಕಿರಬೇಕು. ಮನಿಮೇಕರ್ ತನ್ನಲ್ಲಿದ್ದ ಅಷ್ಟೂ ಚಿಪ್‌ಗಳನ್ನು ಒಡ್ಡಿಬಿಟ್ಟ. ಫರ್ಹಾ ಬಹಳ ಹೊತ್ತು ಯೋಚಿಸಿ ಗೆಲ್ಲುವ ಎಲೆಯನ್ನು ಕೆಳಗಿಟ್ಟ. ಮನೆಯಲ್ಲಿ ನೋಡುತ್ತಿದ್ದವರಿಗೆ ಎರಡೂ ಕೈ ಕಾಣುತ್ತಿದ್ದುದರಿಂದ ಅದು ಭಾರೀ ತಮಾಷೆಯಾಗಿ ಕಂಡಿತು. ಮೊದಲ ಬಹುಮಾನ 25 ಲಕ್ಷ ಡಾಲರ್ ಲೆಕ್ಕಿಗನ ಪಾಲಾಯಿತು.

ಆ ವರ್ಷ ಭಾಗವಹಿಸಿದವರು 839 ಮಂದಿ. 2004ರಲ್ಲಿ 2,576, 2006ರಲ್ಲಿ 8,773. ನಡುವೆ ಬಿಟ್ಟ ಎಲೆಗಳು, ಕಾದ ಗಂಟೆಗಳು ಎಲ್ಲವನ್ನೂ ಕತ್ತರಿಸಿ ತೋರಿಸಿದ ಕಾರ್ಯಕ್ರಮ ನೋಡಿ ಬಂದವರು ಇವರಲ್ಲಿ ಎಷ್ಟೋ ಜನ. ಜಾಗ ಸಾಲದೆ ಪಂದ್ಯಾವಳಿಯೇ 2005ರಲ್ಲಿ ಫ್ರೀಮಾಂಟ್ ಬೀದಿ ಬಿಟ್ಟು ‘ರಿಯೊ’ ಹೋಟೆಲಿಗೆ ಹೋಯಿತು; ಆ ವರ್ಷದ ಕೊನೆಯ ಮೇಜನ್ನು ಮಾತ್ರ ಹಳೆಯ ಮನೆಯಲ್ಲಿ ಹಾಕಿದರು. 2022ರಲ್ಲಿ ಅದು ಸ್ಟ್ರಿಪ್‌ಗೆ ಬಂತು. ಅಲ್ಲಿನ ಬ್ಯಾಲೀಸ್ ಹೋಟೆಲಿಗೆ ‘ಹಾರ್ಸ್‌ಶೂ’ ಎಂದು ಮರುನಾಮಕರಣವೂ ಆಯಿತು. ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ.

ಎಲೆಗಿಂತ ಕುರ್ಚಿ ಮುಖ್ಯವೆಂಬುದಕ್ಕೆ ಅತಿ ವಿಚಿತ್ರವಾದ ಸಾಕ್ಷಿ ಕೊಟ್ಟವಳು ನಾರ್ವೆಯ ಆನೆಟ್ ಓಬ್ರೆಸ್ಟಾಡ್. 2007ರಲ್ಲಿ ಅಂತರ್ಜಾಲದ ಒಂದು ಸಣ್ಣ ಪಂದ್ಯದಲ್ಲಿ 180 ಆಟಗಾರರ ನಡುವೆ ಆಕೆ ತನ್ನ ಎಲೆಗಳನ್ನು ಒಂದೇ ಒಂದು ಸಲ ಬಿಟ್ಟರೆ ನೋಡದೆಯೇ ಆಡಿ ಗೆದ್ದಳು. ಗಮನಿಸಿದ್ದು ಕುಳಿತ ಜಾಗ ಮತ್ತು ಎದುರಿನವರ ನಡೆಯನ್ನು ಮಾತ್ರ. ಅದೇ ಸೆಪ್ಟೆಂಬರಿನಲ್ಲಿ, 19 ತುಂಬುವ ಹಿಂದಿನ ದಿನ, ಲಂಡನ್ನಿನಲ್ಲಿ ವರ್ಲ್ಡ್ ಸೀರೀಸ್‌ನ ಯೂರೋಪ್ ಪಂದ್ಯದಲ್ಲಿ 10 ಲಕ್ಷ ಪೌಂಡ್ ಗೆದ್ದಳು. ಆದರೆ ಲಾಸ್ ವೇಗಸ್‌ನಲ್ಲಿ ಅವಳಿಗೆ ಆಗ ಕುರ್ಚಿಯೇ ಇರಲಿಲ್ಲ. ನೆವಾಡಾದಲ್ಲಿ 21 ತುಂಬದವರು ಜೂಜಿನ ಮೇಜಿಗೆ ಕೂರುವಂತಿಲ್ಲ.

ಕುರ್ಚಿಯ ಮರ್ಮ ತಿಳಿದವರೆಲ್ಲ ದಡ ಸೇರಿದರೆಂದೂ ಅಲ್ಲ. 1997ರ ಮೇ ತಿಂಗಳಲ್ಲಿ ಕೊನೆಯ ಮೇಜನ್ನು ಫ್ರೀಮಾಂಟ್ ಬೀದಿಯಲ್ಲೇ, ಬಯಲಿನಲ್ಲಿ, ಜನರ ನಡುವೆ ಹಾಕಿದ್ದರು. ದುಂಡನೆಯ ನೀಲಿ ಕನ್ನಡಕ ಹಾಕಿದ್ದ ಸಣಕಲು ಮನುಷ್ಯ ಸ್ಟೂ ಅಂಗರ್ ಅಂದು ಗೆದ್ದ. 1980, 1981ರ ಗೆಲುವುಗಳ ಜೊತೆಗೆ ಇದು ಮೂರನೆಯದು. ಅಂಥ ಆಟಗಾರ ಮತ್ತೆ ಹುಟ್ಟಲಿಲ್ಲವೆನ್ನುವವರು ಇಂದಿಗೂ ಇದ್ದಾರೆ. ಆ ಕನ್ನಡಕ ಶೋಕಿಗಲ್ಲ. ಮಾದಕ ವಸ್ತುವಿನಿಂದ ಕುಸಿದಿದ್ದ ಮೂಗನ್ನು ಕ್ಯಾಮೆರಾದಿಂದ ಮರೆಮಾಡಲು. ಬಹುಮಾನದ 10 ಲಕ್ಷ ಡಾಲರಿನಲ್ಲಿ ಅರ್ಧ, ಪ್ರವೇಶಧನ ಕಟ್ಟಿದ ಗೆಳೆಯನಿಗೆ ಹೋಯಿತು. ಉಳಿದರ್ಧ ಬೇಗನೆ ಕರಗಿತು. 1998ರ ನವೆಂಬರಿನಲ್ಲಿ, 45ರ ಪ್ರಾಯದಲ್ಲಿ, ಅದೇ ಊರಿನ ಅಗ್ಗದ ವಸತಿಗೃಹವೊಂದರ ಕೋಣೆಯಲ್ಲಿ ಅಂಗರ್ ಸತ್ತು ಬಿದ್ದಿದ್ದ. ಅಂತ್ಯಕ್ರಿಯೆಗೆ ಗೆಳೆಯರು ಚಂದಾ ಎತ್ತಬೇಕಾಯಿತು. ಅಂದು ಜನ ಕಿಕ್ಕಿರಿದು ನಿಂತಿದ್ದ ಜಾಗದಲ್ಲಿ ಈಗ ಕಮಾನು ಚಾವಣಿಯ ದೀಪಗಳ ಕೆಳಗೆ ಪ್ರವಾಸಿಗಳು ಐಸ್‌ಕ್ರೀಂ ತಿನ್ನುತ್ತ ನಡೆಯುತ್ತಾರೆ.

ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ನೀಡಿತು. ರಮ್ಮಿ, ಪೋಕರ್‌ಗಳೂ ಅದರ ವ್ಯಾಪ್ತಿಗೆ ಬಂದವು. ಅದಕ್ಕೆ ಮೊದಲು ಕ್ರಿಕೆಟ್ ಪ್ರಸಾರದ ನಡುನಡುವೆ ಬರುತ್ತಿದ್ದ ಅವುಗಳ ಜಾಹೀರಾತುಗಳನ್ನು ಎಷ್ಟೋ ತಂದೆತಾಯಿಗಳು ಮಕ್ಕಳ ಪಕ್ಕದಲ್ಲೇ ಕುಳಿತು ನೋಡಿದ್ದಾರೆ. ಅಲ್ಲಿ ತೋರಿಸುತ್ತಿದ್ದುದೂ ಗೆದ್ದವನ ನಗುಮುಖವನ್ನೇ.

ಪಂದ್ಯಾವಳಿಯ ದಿನಗಳಲ್ಲಿ ಲಾಸ್ ವೇಗಸ್‌ಗೆ ಹೋದ ಪ್ರವಾಸಿಗೆ ಟಿ.ವಿ.ಯಲ್ಲಿ ಕಾಣದ ಆಟ ಕಾಣುತ್ತದೆ. ಮೇಜುಗಳಿಂದಾಚೆ, ಕಟಕಟೆಯ ಹಿಂದೆ ನಿಂತವನಿಗೆ ಎಲೆಗಳ ಬೆನ್ನು ಮಾತ್ರ ದರ್ಶನ. ನೂರಾರು ಮೇಜುಗಳಿಂದ ಚಿಪ್‌ಗಳನ್ನು ಬೆರಳಲ್ಲಿ ಕಲಕುವ ಸದ್ದು, ದೊಡ್ಡ ಮಿಡತೆ ಹಿಂಡು ಹೊಕ್ಕಂತೆ, ಎಡೆಬಿಡದೆ ಕೇಳುತ್ತಿರುತ್ತದೆ. ಅರ್ಧ ಗಂಟೆ ನಿಂತು ನೋಡಿದರೂ ಒಬ್ಬ ಆಟಗಾರ ಇಣುಕಿ ನೋಡಿ ಎಲೆ ತಳ್ಳುವುದನ್ನು ಬಿಟ್ಟು ಬೇರೇನೂ ಮಾಡದಿರಬಹುದು. 2023ರಲ್ಲಿ ಇಲ್ಲಿನ ಮುಖ್ಯ ಪಂದ್ಯಕ್ಕೆ ತಲಾ 10,000 ಡಾಲರ್ ಪ್ರವೇಶಧನದ ಲೆಕ್ಕದಲ್ಲಿ 10,043 ಮಂದಿ ಬಂದಿದ್ದರು. ಗೆದ್ದ ಡೇನಿಯಲ್ ವೈನ್‌ಮನ್‌ಗೆ 1 ಕೋಟಿ 21 ಲಕ್ಷ ಡಾಲರ್ ಸಿಕ್ಕಿತು. ಏನಾದರೂ ಬಹುಮಾನ ಸಿಕ್ಕಿದ್ದು ಒಟ್ಟು 1,507 ಜನರಿಗೆ. ಉಳಿದ 8,536 ಜನ ಒಬ್ಬೊಬ್ಬರಾಗಿ ಎದ್ದು, ಕುರ್ಚಿ ಹಿಂದಕ್ಕೆ ತಳ್ಳಿ ಹೊರನಡೆದರು. ಅವರು ಎದ್ದ ಜಾಗಕ್ಕೆ ಇನ್ನೊಂದು ಮೇಜಿನ ಆಟಗಾರನನ್ನು ತಂದು ಕೂರಿಸುತ್ತಾರೆ. ಅವನು ಚಿಪ್‌ಗಳನ್ನು ಜೋಡಿಸಿಕೊಂಡು, ಬಟನ್ ಎಲ್ಲಿದೆಯೆಂದು ಮೊದಲು ನೋಡುತ್ತಾನೆ.